ಹಳೆಯ ವಿಂಡೋಸ್ ಹೊಸ ಕಂಪ್ಯೂಟರಿಗೆ ಬರುವುದೇ?

ಪ್ರಶ್ನೆ: ಇಳಕಲ್ಲಿನ ನಮ್ಮ ಸೀರೆ ಅಂಗಡಿಯ ಲೆಕ್ಕಪತ್ರಕ್ಕೆ ಹೊಸ ಕಂಪ್ಯೂಟರ್ ಕೊಳ್ಳುತ್ತಿದ್ದೇವೆ. ಹಳೆಯದರಲ್ಲಿರುವ ವಿಂಡೋಸ್ ಪರವಾನಗಿಯನ್ನು ಅದಕ್ಕೆ ವರ್ಗಾಯಿಸಬಹುದೇ?
— ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಅದು ಪರವಾನಗಿಯ ಬಗೆಯನ್ನು ಅವಲಂಬಿಸಿದೆ. ಕಂಪ್ಯೂಟರಿನೊಂದಿಗೇ ಬಂದ ಒಇಎಂ ಪರವಾನಗಿಯು ಆ ಯಂತ್ರಕ್ಕಷ್ಟೇ ಸೀಮಿತವಾಗಿರುವುದರಿಂದ ವರ್ಗಾವಣೆಗೆ ಅವಕಾಶವಿಲ್ಲ. ಪ್ರತ್ಯೇಕವಾಗಿ ಕೊಂಡ ರಿಟೇಲ್ ಪರವಾನಗಿಯನ್ನಾದರೆ ಹಳೆಯದರಿಂದ ತೆಗೆದುಹಾಕಿದ ಬಳಿಕ ಹೊಸದರಲ್ಲಿ ಬಳಸಬಹುದು, ಏಕೆಂದರೆ ಅದು ಒಮ್ಮೆಗೆ ಒಂದೇ ಕಂಪ್ಯೂಟರಿಗೆ ಸಲ್ಲುತ್ತದೆ. ಹಳೆಯ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ (ಆದೇಶಗಳನ್ನು ಟೈಪಿಸುವ ಕಿಟಕಿಯಲ್ಲಿ) ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಟೈಪಿಸಿದರೆ ನಿಮ್ಮದು ಯಾವ ಬಗೆಯದೆಂದು ತಿಳಿಯುತ್ತದೆ. ರಿಟೇಲ್ ಎಂದಿದ್ದರೆ ಕೊಂಡಾಗಿನ 25 ಅಕ್ಷರಗಳ ಕೀಲಿಯನ್ನು (ಪ್ರಾಡಕ್ಟ್ ಕೀ) ಹುಡುಕಿಟ್ಟುಕೊಳ್ಳಿ. ಹೊಸ ಕಂಪ್ಯೂಟರಿನಲ್ಲಿಯೇ ವಿಂಡೋಸ್ ಬಂದಿದ್ದರೆ, ಹಾಗಿರುವುದೇ ಹೆಚ್ಚು, ಈ ಶ್ರಮವೇ ಬೇಕಿಲ್ಲ.