ಚಿತ್ರ ಮುಚ್ಚಿ ಓದಿಸಿದರೆ ಮಕ್ಕಳಿಗೆ ಅರ್ಥವಾಗುತ್ತದೆಯೇ?

ಮುಚ್ಚಬೇಡಿ. ಎರಡನೇ ತರಗತಿಯ ಮಕ್ಕಳು ಗಡಗಡನೆ ಓದುತ್ತಾರೆ, ಏನು ಓದಿದೆ ಎಂದು ಕೇಳಿದರೆ ಮುಖ ನೋಡುತ್ತಾರೆ, ಚಿತ್ರಪುಸ್ತಕ ಕೊಟ್ಟರೆ ಚಿತ್ರ ನೋಡಿ ಊಹಿಸುತ್ತಾರೆ, ಆದ್ದರಿಂದ ಚಿತ್ರ ಮುಚ್ಚಿ ಓದಿಸಿ ಕೊನೆಯಲ್ಲಿ ಹತ್ತು ಪ್ರಶ್ನೆ ಕೇಳಲೇ ಎಂದು ಬರೆದಿದ್ದೀರಿ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಜೂನ್‌ನಿಂದ ದಸರಾ ರಜೆಯವರೆಗೆ ನಾನು ಅದನ್ನೇ ಮಾಡಿದೆ, ಅದೂ ಬಹಳ ಶ್ರದ್ಧೆಯಿಂದ.

ನಮ್ಮದು ನಲಿಕಲಿ ತರಗತಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪು ಗುಂಪಾಗಿ ಕುಳಿತು ಕಾರ್ಡ್ ಹಿಡಿದು ಕಲಿಯುತ್ತಾರೆ. ಮೂಲೆಯಲ್ಲಿ ಹಗ್ಗ ಕಟ್ಟಿ ಕಥೆಪುಸ್ತಕಗಳನ್ನು ತೂಗುಹಾಕಿದ್ದೆವು. ಅಲ್ಲಿಂದ ಒಬ್ಬ ಹುಡುಗ ಒಂದು ಪುಸ್ತಕ ತೆಗೆದು ಓದಿ ತೋರಿಸುತ್ತೇನೆ ಎಂದು ಬಂದ. ‘ಕೆರೆ’ ಎಂದು ಅಚ್ಚಾಗಿದ್ದ ಕಡೆ ‘ನೀರು’ ಎಂದ. ‘ಹುಂಜ’ ಇದ್ದಲ್ಲಿ ‘ಕೋಳಿ’ ಎಂದ. ಕಣ್ಣು ಅಕ್ಷರದ ಮೇಲೆ ಇರಲೇ ಇಲ್ಲ. ಸರಿ, ಈ ಚಿತ್ರಗಳೇ ಮಕ್ಕಳನ್ನು ಕೆಡಿಸುತ್ತಿವೆ ಎಂದು ನಾನು ಅಂದೇ ತೀರ್ಮಾನಿಸಿಬಿಟ್ಟೆ. ಹಳೆಯ ಕ್ಯಾಲೆಂಡರ್‌ಗಳನ್ನು ಕತ್ತರಿಸಿ ಪಟ್ಟಿ ಮಾಡಿದೆ. ಪ್ರತಿ ಪುಟದ ಚಿತ್ರದ ಮೇಲೆ ಒಂದೊಂದು ಪಟ್ಟಿ, ಅದಕ್ಕೆ ಎರಡು ಕ್ಲಿಪ್ಪು. ಕೆಳಗೆ ಸಾಲು ಮಾತ್ರ ಕಾಣಬೇಕು.

ಫಲಿತಾಂಶ ಕಣ್ಣಿಗೆ ಕಾಣುವಷ್ಟು ಚೆನ್ನಾಗಿತ್ತು. ನಾನು ಮೋಸಹೋದದ್ದು ಅಲ್ಲಿಯೇ. ಓದು ಚುರುಕಾಯಿತು. 2021ರಲ್ಲಿ ಬಂದ ನಿಪುಣ್ ಭಾರತ್ ಕಾರ್ಯಕ್ರಮದಲ್ಲಿ ಮೂರನೇ ತರಗತಿ ಮುಗಿಯುವ ಹೊತ್ತಿಗೆ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆಂಬ ಗುರಿ ಇದೆಯಲ್ಲ, ಅದರಲ್ಲಿ ‘ಅರ್ಥಸಹಿತ’ ಎನ್ನುವುದನ್ನು ಬಿಟ್ಟು 60ನ್ನು ಮಾತ್ರ ಹಿಡಿದುಕೊಂಡು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದೆ. ಕನ್ನಡದಲ್ಲಿ ಈ ಮೋಸ ಇನ್ನೂ ಸುಲಭ. ನಮ್ಮ ಲಿಪಿಯಲ್ಲಿ ಬರೆದದ್ದನ್ನೇ ಉಚ್ಚರಿಸುತ್ತೇವೆ. ಕಾಗುಣಿತ, ಒತ್ತಕ್ಷರ ಕೈವಶವಾದ ಮಗು ವಿಧಾನಸಭೆಯ ನಡಾವಳಿಯನ್ನೂ ತಡವರಿಸದೆ ಓದಿಬಿಡುತ್ತದೆ. ಅದರಲ್ಲಿ ಅದಕ್ಕೆ ಏನು ತಿಳಿಯಿತು ಎಂಬುದು ಧ್ವನಿಯಲ್ಲಿ ಗೊತ್ತಾಗುವುದಿಲ್ಲ.

ಆ ಪಟ್ಟಿ ಹಚ್ಚಿದ ಪುಸ್ತಕಗಳಲ್ಲಿ ಒಂದು ತಾತನ ಕಥೆ. ಪದಗಳು ಇಷ್ಟೇ: ತಾತ ಸಂತೆಗೆ ಹೋದ. ತಾತ ಬಾಳೆಹಣ್ಣು ಕೊಂಡ. ತಾತ ಸೊಪ್ಪು ಕೊಂಡ. ತಾತ ಸೇತುವೆ ದಾಟಿದ. ತಾತ ಮನೆಗೆ ಬಂದ. ಚೀಲ ಖಾಲಿ! ಇಷ್ಟನ್ನು ಓದಿಸಿ ನಾನು ಕರಿಹಲಗೆಯ ಮೇಲೆ ಪ್ರಶ್ನೆ ಬರೆದೆ: ಚೀಲ ಏಕೆ ಖಾಲಿಯಾಗಿತ್ತು? ಒಬ್ಬ ಹುಡುಗ ‘ಕಳ್ಳ ಕದ್ದ’ ಎಂದ. ಇನ್ನೊಬ್ಬಳು ‘ಬಸ್ಸಿನಲ್ಲಿ ಬಿಟ್ಟು ಬಂದ’ ಎಂದಳು. ಮತ್ತೊಬ್ಬ ಸ್ವಲ್ಪ ಯೋಚಿಸಿ, ‘ತಾತ ದುಡ್ಡು ಕೊಟ್ಟಿರಲಿಲ್ಲ ಮಿಸ್, ಅಂಗಡಿಯವನು ವಾಪಸ್ ತೆಗೆದುಕೊಂಡ’ ಎಂದ. ನಾನು ಮೂರನ್ನೂ ತಪ್ಪು ಎಂದೆ. ‘ಮೇಕೆ ತಿಂದಿತು’ ಎಂದು ಸರಿಯುತ್ತರ ಬರೆದೆ. ಎಲ್ಲರೂ ನೋಟ್‌ಬುಕ್‌ನಲ್ಲಿ ಮುದ್ದಾಗಿ ಬರೆದುಕೊಂಡರು.

ಮೇಕೆ ಎಲ್ಲಿಂದ ಬಂತು? ಚಿತ್ರದಿಂದ. ಪುಟಗಳಲ್ಲಿ ಎಲ್ಲಿಯೂ ‘ಮೇಕೆ’ ಎಂಬ ಪದವೇ ಇಲ್ಲ. ಎರಡನೇ ಪುಟದಲ್ಲಿ ಚೀಲದ ತಳದಲ್ಲಿ ಒಂದು ಸಣ್ಣ ತೂತು. ಮೂರನೇ ಪುಟದಲ್ಲಿ ತೂತಿನಿಂದ ಹಣ್ಣಿನ ತುದಿ ಇಣುಕುತ್ತದೆ. ಸೇತುವೆಯ ಮೇಲೆ ತಾತನ ಹಿಂದೆಯೇ ಮೇಕೆ, ಬಾಯಲ್ಲಿ ಸೊಪ್ಪಿನ ದಂಟು. ಚಿತ್ರ ಬರೆದವರು ಕಥೆಯ ಅರ್ಧವನ್ನು ಪದದಲ್ಲಿ ಹೇಳದೆ ಬೇಕೆಂದೇ ಬಣ್ಣದಲ್ಲಿ ಇಟ್ಟಿದ್ದರು. ಆ ಅರ್ಧದ ಮೇಲೆ ನಾನು ಕ್ಯಾಲೆಂಡರ್ ಹಾಳೆ ಹಾಕಿ, ಕಾಣದ ಮೇಕೆಯನ್ನು ಕಂಡಿಲ್ಲವೆಂದು ಮಕ್ಕಳಿಗೆ ತಪ್ಪು ಹಾಕಿದ್ದೆ. ಈಗ ಯೋಚಿಸಿದರೆ ಆ ಮೂರು ಉತ್ತರಗಳೂ ಎಷ್ಟು ಸೊಗಸಾಗಿವೆ! ಸಿಕ್ಕಿದ್ದು ಬರಿಯ ಸಾಲುಗಳು. ಅಷ್ಟರಿಂದಲೇ ಕಾರಣ ಕಟ್ಟಿದ್ದರು. ದುಡ್ಡು ಕೊಡದ ತಾತನನ್ನು ಕಲ್ಪಿಸಿದ ಹುಡುಗನ ಅಪ್ಪನಿಗೆ ಊರಿನಲ್ಲಿ ಕಿರಾಣಿ ಅಂಗಡಿ ಇತ್ತು. ಉದ್ರಿ ಎಂದರೇನೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವನ ತಲೆಯಲ್ಲಿ ಗ್ರಹಿಕೆ ಇತ್ತು. ಅದಕ್ಕೆ ಬೇಕಾದ ಸಾಕ್ಷಿ ನನ್ನ ಕ್ಲಿಪ್ಪಿನ ಕೆಳಗಿತ್ತು.

ಇದು ನನಗೆ ಹೊಳೆದದ್ದು ತರಬೇತಿಯಲ್ಲಲ್ಲ. ಬಿಸಿಯೂಟ ಮುಗಿಸಿ ತಟ್ಟೆ ತೊಳೆದಿಟ್ಟು ಮೂವರು ಮಕ್ಕಳು ಮೂಲೆಯಲ್ಲಿ ಕುಳಿತು ಗುಟ್ಟಾಗಿ ಕ್ಲಿಪ್ಪು ಬಿಚ್ಚಿದ್ದರು. ನಗು ಕೇಳಿ ಬಾಗಿಲಲ್ಲಿ ನಿಂತೆ. ಒಬ್ಬಳು ಚೀಲದ ತೂತಿನ ಮೇಲೆ ಕಿರುಬೆರಳಿಟ್ಟು, ‘ನೋಡು, ಇಲ್ಲಿಂದಲೇ ಶುರು. ಮಿಸ್ ಇದನ್ನು ನೋಡಿಯೇ ಇಲ್ಲ’ ಎನ್ನುತ್ತಿದ್ದಳು. ಪಾಪ, ನಾನು ನೋಡಿಲ್ಲವೆಂದುಕೊಂಡಳು. ನೋಡಿದ್ದೂ ಮುಚ್ಚಿದವಳು ಎಂದು ತಿಳಿದಿದ್ದರೆ ಏನನ್ನುತ್ತಿದ್ದಳೋ.

ಅವಳ ಬಗ್ಗೆ ಇನ್ನೊಂದು ಮಾತು ಹೇಳಬೇಕು. ತಾಂಡಾದ ಹುಡುಗಿ, ಮನೆಯಲ್ಲಿ ಲಂಬಾಣಿ ಮಾತು. ತರಗತಿಯಲ್ಲಿ ಬಾಯಿ ಬಿಟ್ಟದ್ದೇ ಅಪರೂಪ, ಓದಿನ ವೇಗ ಬರೆದಿಡುವ ಪಟ್ಟಿಯಲ್ಲಿ ಯಾವಾಗಲೂ ಕೊನೆಯ ಸಾಲು. ಚಿತ್ರವನ್ನು ಓದುವುದರಲ್ಲಿ ಅವಳಿಗೆ ಸಮನಾದವರು ಆ ಕೊಠಡಿಯಲ್ಲಿ ಇರಲಿಲ್ಲ ಎನ್ನುವುದು ನನಗೆ ಅಂದು ಗೊತ್ತಾಯಿತು. ದಸರಾ ರಜೆಯ ನಂತರ ಅವಳು ಬರಲಿಲ್ಲ. ಅಪ್ಪ ಅಮ್ಮ ಕಾಫಿ ತೋಟದ ಕೆಲಸಕ್ಕೆ ಮಲೆನಾಡಿನ ಕಡೆ ಹೋಗಿದ್ದರು, ಅವಳನ್ನೂ ಕರೆದುಕೊಂಡು. ಮುಂದಿನ ವರ್ಷ ನನಗೆ ವರ್ಗವಾಯಿತು. ಪಟ್ಟಿ ಹಚ್ಚಿದ ನನ್ನ ಜಾಣತನಕ್ಕೆ ತೆತ್ತ ಬೆಲೆ ಅದು. ಅವಳು ಮಾತನಾಡಬಹುದಾಗಿದ್ದ ತಿಂಗಳುಗಳಲ್ಲಿ ನಾನು ಅವಳ ವೇಗ ಅಳೆಯುತ್ತಿದ್ದೆ.

ನಿಮ್ಮ ಅನುಮಾನ ಪೂರ್ತಿ ಸುಳ್ಳು ಎನ್ನುತ್ತಿಲ್ಲ. ‘ಕೆರೆ’ಯನ್ನು ‘ನೀರು’ ಎಂದು ಓದುವ ಮಗುವಿಗೆ ‘ಚಿತ್ರ ನೋಡಿ ಹೇಳು’ ಎಂದು ಹೇಳಿಕೊಡುವುದೂ ತಪ್ಪೇ. ಪದ ಯಾವುದೆಂದು ತಿಳಿಯಬೇಕಾದದ್ದು ಅಕ್ಷರದಿಂದ. ಆದರೆ ಅದಕ್ಕೆ ಬೇರೆ ಹೊತ್ತಿದೆ, ಬೇರೆ ಕಾರ್ಡ್ ಇದೆ, ಚಿತ್ರವಿಲ್ಲದ ಪದಪಟ್ಟಿ ಇದೆ. ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಇದನ್ನು ಒಂದು ಗುಣಾಕಾರವಾಗಿ ಹೇಳಿದರು: ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ಅರ್ಥಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದರೆ ಬರುವುದು ಓದಿನ ಗ್ರಹಿಕೆ. ಕೂಡುವ ಲೆಕ್ಕವಲ್ಲ. ಒಂದು ಕಡೆ ಸೊನ್ನೆ ಇದ್ದರೆ ಇನ್ನೊಂದು ಎಷ್ಟೇ ಇರಲಿ, ಉತ್ತರ ಸೊನ್ನೆ. ನಿಮ್ಮ ಮಕ್ಕಳು ಗಡಗಡ ಓದುತ್ತಾರೆ ಎಂದ ಮೇಲೆ ಮೊದಲನೆಯದು ಇದೆ. ಎರಡನೆಯದು ಸೊರಗಿದೆ. ನೀವು ಹೇಳುವ ಮದ್ದು ಮತ್ತೆ ಮೊದಲನೆಯದಕ್ಕೇ ಹೋಗುತ್ತದೆ.

ಹತ್ತು ಪ್ರಶ್ನೆಗಳ ವಿಷಯ. ಹತ್ತೂ ಬೇಡ. ಕೊನೆಯಲ್ಲಿ ಪ್ರಶ್ನೆ ಇದೆ ಎಂದು ಗೊತ್ತಾದ ಕೂಡಲೇ ಮಕ್ಕಳು ಕಥೆ ಕೇಳುವುದನ್ನು ಬಿಟ್ಟು ಉತ್ತರ ಹುಡುಕುತ್ತಾರೆ. ಅದರಲ್ಲೂ ‘ಈ ಕಥೆಯ ನೀತಿ ಏನು’ ಎಂದು ಕೇಳುವ ಚಾಳಿಯನ್ನು ಮೊದಲು ಬಿಡಿ. ತಾತ ಮತ್ತು ಮೇಕೆಯ ಕಥೆಗೂ ನಮ್ಮ ಮಕ್ಕಳು ‘ಕಳ್ಳತನ ಮಾಡಬಾರದು’ ಎಂದು ನೀತಿ ಹೇಳಿದರು. ಯಾವ ಕಥೆಗೂ ಹೇಳುತ್ತಾರೆ, ಪುಸ್ತಕ ತೆರೆಯದೆಯೂ ಹೇಳುತ್ತಾರೆ.

ಈಗ ನಾನು ಕೇಳುವುದು ಒಂದೇ ಪ್ರಶ್ನೆ: ಅದು ನಿನಗೆ ಹೇಗೆ ಗೊತ್ತಾಯಿತು? ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ಹಿಡಿದು ನಾನು ಓದುತ್ತೇನೆ. ಅವರ ಕಿವಿಗೆ ಪದ, ಕಣ್ಣಿಗೆ ಚಿತ್ರ. ಮೊದಲ ಓದಿನಲ್ಲಿ ಎಲ್ಲಿಯೂ ನಿಲ್ಲುವುದಿಲ್ಲ, ಪದದ ಅರ್ಥವನ್ನೂ ಹೇಳುವುದಿಲ್ಲ. ಮರುದಿನ ಅದೇ ಪುಸ್ತಕ. ಪುಟ ತಿರುಗಿಸುವ ಮುನ್ನ ಒಂದೆರಡು ಕಡೆ ನಿಂತು ‘ಈಗ ಏನಾಗಬಹುದು’ ಎನ್ನುತ್ತೇನೆ. ಉತ್ತರ ಹೇಳಿದ ಮಗು ಎದ್ದು ಬಂದು ಪುಟದ ಮೇಲೆ ಬೆರಳಿಟ್ಟು ತೋರಿಸಬೇಕು. ತೋರಿಸಿದರೆ ಉತ್ತರ ನನ್ನ ಮನಸ್ಸಿನಲ್ಲಿದ್ದದ್ದು ಅಲ್ಲದಿದ್ದರೂ ಒಪ್ಪುತ್ತೇನೆ. ತೋರಿಸಲಾಗದಿದ್ದರೆ ‘ಹುಡುಕಿಕೊಂಡು ಬಾ’ ಎನ್ನುತ್ತೇನೆ, ತಪ್ಪು ಎನ್ನುವುದಿಲ್ಲ. ನಿಮ್ಮ ಸಿಟ್ಟಿಗೆ ಕಾರಣವಾದ ಊಹೆಯೂ ಇಲ್ಲಿ ಹತೋಟಿಗೆ ಬರುತ್ತದೆ, ಏಕೆಂದರೆ ಸಾಕ್ಷಿ ಕೇಳುವವರಿದ್ದಾರೆ ಎಂದು ಮಕ್ಕಳಿಗೆ ಗೊತ್ತಿರುತ್ತದೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಇದು ಬರೆಯಲು ಸುಲಭ, ಮಾಡಲು ಕಷ್ಟ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಧ್ವನಿಮುದ್ರಿಸಿ ನೋಡಿದಾಗ ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡು ಕಾದಲ್ಲಿ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಮಾತನಾಡಿದರು. ನಾನಂತೂ ತುಟಿ ಕಚ್ಚಿಕೊಂಡು ಕಾಯುತ್ತೇನೆ. ಉತ್ತರ ಲಂಬಾಣಿಯಲ್ಲಿ ಬರಲಿ, ಚಳ್ಳಕೆರೆ ಮೊಳಕಾಲ್ಮೂರು ಕಡೆಯಾದರೆ ತೆಲುಗಿನಲ್ಲಿ ಬರಲಿ, ಪಕ್ಕದ ಮಗು ಕನ್ನಡಕ್ಕೆ ತರುತ್ತದೆ. ‘ಕನ್ನಡದಲ್ಲಿ ಹೇಳು’ ಎಂದಿರೋ, ಆ ಬಾಯಿ ಮುಚ್ಚಿತು ಎಂದು ತಿಳಿಯಿರಿ.

ಇತ್ತೀಚೆಗೆ ಕಾಡಿನ ಪುಸ್ತಕವೊಂದನ್ನು ಓದುತ್ತಿದ್ದೆ. ಜಿಂಕೆಯಂಥ ಪ್ರಾಣಿಯ ಚಿತ್ರ ಬಂತು. ಒಬ್ಬಳು ‘ಕೊಂಡುಕುರಿ!’ ಎಂದು ಕೂಗಿದಳು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ವನ್ಯಧಾಮ ಇರುವುದು ನಿಮಗೂ ಗೊತ್ತಿರಬಹುದು. ಕುರಿ ಕಾಯುವ ಮನೆಯ ಹುಡುಗನೊಬ್ಬ ಎದ್ದು ಬಂದು ಚಿತ್ರದ ತಲೆಯ ಮೇಲೆ ಬೆರಳಿಟ್ಟ. ‘ಇದಕ್ಕೆ ಎರಡೇ ಕೊಂಬು. ಕೊಂಡುಕುರಿಗೆ ನಾಲ್ಕು.’ ಅವಳು ಬಿಡಲಿಲ್ಲ: ‘ಹೆಣ್ಣಿಗೆ ಕೊಂಬೇ ಇರುವುದಿಲ್ಲ, ಹಾಗೆಂದು ಅದು ಕೊಂಡುಕುರಿ ಅಲ್ಲವೇ?’ ‘ಇದಕ್ಕೆ ಎರಡು ಇದೆಯಲ್ಲ, ಹಾಗಾದರೆ ಇದು ಹೆಣ್ಣೂ ಅಲ್ಲ, ಕೊಂಡುಕುರಿಯೂ ಅಲ್ಲ’ ಎಂದ. ಆಮೇಲೆ ಕೆಳಗಿನ ಸಾಲಿನಲ್ಲಿ ಏನಿದೆ ಎಂದು ಇಬ್ಬರೂ ಬಗ್ಗಿ ಓದಿದರು, ಯಾರೂ ಹೇಳದೆ. ‘ಜಿಂಕೆ’ ಎಂದಿತ್ತು. ಹುಡುಗನ ಮುಖ ನೋಡಬೇಕಿತ್ತು! ಈ ಮಾತುಕತೆಯನ್ನು ಯಾವ ಪ್ರಶ್ನೆಪತ್ರಿಕೆಯಲ್ಲಿ ಕೇಳುತ್ತೀರಿ?

ಯಾವ ಪುಸ್ತಕ ಕೊಳ್ಳಲಿ ಎಂದೂ ಕೇಳಿದ್ದೀರಿ. ಹೆಚ್ಚು ಬೇಡ. ವಾರಕ್ಕೆ ಒಂದು ಸಾಕು, ಆ ವಾರವೆಲ್ಲ ಅದನ್ನೇ ಓದಿ. ಪದ ಹೇಳಿದ್ದನ್ನೇ ಚಿತ್ರವೂ ಹೇಳುವ ಪುಸ್ತಕ ತೆಗೆದುಕೊಳ್ಳಬೇಡಿ. ‘ಇದು ಆನೆ’ ಎಂದು ಬರೆದು ಆನೆ ಬಿಡಿಸಿದ್ದರೆ ಅದು ಅಕ್ಷರ ಕಲಿಸಲು ಸರಿ, ಯೋಚಿಸಲು ಅದರಲ್ಲಿ ಏನೂ ಇಲ್ಲ. ಚಿತ್ರದಲ್ಲಿ ಪದಕ್ಕಿಂತ ಹೆಚ್ಚಿನದೇನಾದರೂ ನಡೆಯುತ್ತಿದೆಯೇ ಎಂದು ಅಂಗಡಿಯಲ್ಲೇ ನಿಂತು ನೋಡಿ. ದುಡ್ಡಿಲ್ಲದಿದ್ದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಹಂತವಾರು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಒಂದೇ ಪ್ರತಿ ಇದ್ದು ಮಕ್ಕಳು ಹೆಚ್ಚಿದ್ದರೆ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ. ಆದರೆ ದನಿಯ ಗುಂಡಿ ಒತ್ತಬೇಡಿ, ನೀವೇ ಓದಿ. ಯಂತ್ರ ಮಗುವಿನ ಮುಖ ನೋಡಿ ನಿಲ್ಲುವುದಿಲ್ಲ.

ಸಿಆರ್‌ಪಿ, ಅಂದರೆ ಶಾಲೆ ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಬಂದು ದಾಖಲೆ ಕೇಳಿದರೆ ಏನು ತೋರಿಸಲಿ ಎಂಬ ನಿಮ್ಮ ಕೊನೆಯ ಚಿಂತೆಗೆ: ವಾರದ ಕೊನೆಗೆ ಮಕ್ಕಳು ಆ ಕಥೆಯನ್ನು ಮೇಕೆಯ ಕಡೆಯಿಂದ ಚಿತ್ರ ಬರೆದು ಒಂದು ಸಾಲು ಬರೆಯಲಿ. ಅದನ್ನು ದಿನಾಂಕ ಹಾಕಿ ಫೈಲಿನಲ್ಲಿಡಿ. ನಮ್ಮಲ್ಲಿ ಬಂದವರು ಅದನ್ನು ನೋಟ್‌ಬುಕ್‌ಗಿಂತ ಹೆಚ್ಚು ಹೊತ್ತು ತಿರುವಿದರು.

ಪುಸ್ತಕ ಹರಿಯುತ್ತದೆ, ಹರಿಯಲಿ. ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಅಗಲದ ಸೆಲೋ ಟೇಪು ಹಚ್ಚಿದರೆ ಇನ್ನೊಂದು ವರ್ಷ ಬರುತ್ತದೆ. ಬೈಂಡಿಂಗ್‌ಗೆ ಮಾತ್ರ ಕೊಡಬೇಡಿ, ಎರಡು ಪುಟ ಸೇರಿಸಿ ಬರೆದ ಚಿತ್ರದ ನಡುಭಾಗವೆಲ್ಲ ಹೊಲಿಗೆಯೊಳಗೆ ಹೋಗಿಬಿಡುತ್ತದೆ.