ಓದುಗರ ಪ್ರಶ್ನೆ: ನಾಲ್ಕು ಭಾಷೆಯ ಮನೆ, ಹನ್ನೆರಡು ಶಬ್ದದ ಮಗು

ಪ್ರಶ್ನೆ: ಮಗನಿಗೆ ಎರಡು ವರ್ಷ ಎರಡು ತಿಂಗಳು. ನಾನು ಕನ್ನಡದಲ್ಲಿ ಮಾತಾಡಿಸುತ್ತೇನೆ, ಅತ್ತೆಯವರದ್ದು ತುಳು, ಮಗುವನ್ನು ನೋಡಿಕೊಳ್ಳುವ ಬಾಯಿ (ಕೆಲಸದಾಕೆ) ಮರಾಠಿ, ಕೆಳಗೆ ಆಡಲು ಹೋದರೆ ಹಿಂದಿ. ಎಣಿಸಿದರೆ ಹನ್ನೆರಡು ಶಬ್ದ ಹೇಳುತ್ತಾನೆ. ಪ್ಲೇಗ್ರೂಪ್ ಟೀಚರ್ "ಮಗುವಿಗೆ ಗೊಂದಲವಾಗಿದೆ, ಮನೆಯಲ್ಲಿ ಇಂಗ್ಲಿಷ್ ಒಂದೇ ಇಟ್ಟುಕೊಳ್ಳಿ" ಅಂದರು. ನಮ್ಮ ಯಜಮಾನರು "ನಾನೂ ಮೂರು ವರ್ಷಕ್ಕೇ ಮಾತಾಡಿದ್ದು, ಬಿಡು" ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಇಬ್ಬರದ್ದೂ ಬೇಡ. ಹಲವು ಭಾಷೆ ಕಿವಿಗೆ ಬಿದ್ದದ್ದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದೂ ಗೊಂದಲದ ಗುರುತಲ್ಲ. ಕನ್ನಡ ಬಿಟ್ಟು, ನಿಮಗೇ ಅಷ್ಟು ಸಲೀಸಲ್ಲದ ಇಂಗ್ಲಿಷಿಗೆ ಹೊರಳಿದರೆ ನಷ್ಟವೇ ಹೆಚ್ಚು. ಗದರುವುದು, ಮುದ್ದಾಡುವುದು, ಕಥೆ ಹೇಳುವುದು ಎಲ್ಲ ಕುಂಟತೊಡಗುತ್ತದೆ, ಮಗು ಕೇಳುವ ಮಾತೇ ಕಡಿಮೆಯಾಗುತ್ತದೆ. ಅಜ್ಜಿಯ ತುಳುವೂ ಇರಲಿ.

ಮೊದಲು ಲೆಕ್ಕ ಸರಿಮಾಡಿಕೊಳ್ಳಿ. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಒಂದು ವಾರ ಮನೆಯವರೆಲ್ಲ ಅದರಲ್ಲಿ ಬರೆಯಲಿ. ಬಾಯಿಯವರ ಹತ್ತಿರವೂ ಕೇಳಿ, ಏಕೆಂದರೆ ಹಗಲೆಲ್ಲ ಮಗುವಿನ ಜತೆ ಇರುವವರು ಅವರೇ. ನಿಮ್ಮ ಹತ್ತಿರ "ನೀರು", ಅವರ ಹತ್ತಿರ "ಪಾಣಿ" ಅಂದರೆ ಅದು ಎರಡು ಶಬ್ದ. ಹಸುವಿಗೆ ಯಾವಾಗಲೂ "ಅಂಬಾ", ನಾಯಿಗೆ "ಬೌಬೌ" ಅನ್ನುತ್ತಿದ್ದರೆ ಅವೂ ಸೇರುತ್ತವೆ. ಸ್ಪಷ್ಟವಾಗಿರಬೇಕೆಂದಿಲ್ಲ, ಅದೇ ವಸ್ತುವಿಗೆ ಅದೇ ಸದ್ದು ಬರಬೇಕು. ಎರಡು ತುಂಬುವ ಹೊತ್ತಿಗೆ ಎಲ್ಲ ಭಾಷೆ ಸೇರಿ ಸುಮಾರು 50 ಶಬ್ದ ಇರಬೇಕು, "ಅಮ್ಮ ಬಾ", "ಹಾಲು ಬೇಡ" ಎಂಬಂಥ ಎರಡು ಶಬ್ದದ ಜೋಡಣೆ ಶುರುವಾಗಿರಬೇಕು.

ಆಡುವ ಮಾತಿಗಿಂತ ಅರ್ಥವಾಗುವ ಮಾತು ಹೆಚ್ಚು ತಿಳಿಸುತ್ತದೆ. ಕೈ ತೋರಿಸದೆ "ಚಪ್ಪಲಿ ತಂದು ಅಪ್ಪನಿಗೆ ಕೊಡು" ಅಂದರೆ ಮಾಡುತ್ತಾನೆಯೇ? ಹೆಸರು ಕರೆದರೆ ತಿರುಗುತ್ತಾನೆಯೇ? ಬೇಕಾದದ್ದಕ್ಕೆ ಬೆರಳು ತೋರಿಸುವುದು ಒಂದು. ಕಿಟಕಿಯಲ್ಲಿ ಪಾರಿವಾಳ ಕಂಡಾಗ ಬರಿದೇ ನಿಮಗೆ ತೋರಿಸಲೆಂದು ಬೆರಳು ಚಾಚಿ, ನಿಮ್ಮ ಮುಖ ನೋಡುವುದು ಇನ್ನೊಂದು. ಈ ಎರಡನೆಯದು ಇಲ್ಲದಿದ್ದರೆ, ಅಥವಾ ಮೊದಲು ಬರುತ್ತಿದ್ದ ಮಾತು, ನಗು, ಟಾಟಾ ನಿಂತುಹೋಗಿದ್ದರೆ, ಹಾಳೆಯ ಲೆಕ್ಕಕ್ಕೂ ಕಾಯದೆ ಡಾಕ್ಟರರಿಗೆ ತೋರಿಸಿ.

ಎಲ್ಲ ಭಾಷೆ ಕೂಡಿಸಿಯೂ 50ಕ್ಕೆ ತೀರ ದೂರ, ಜೋಡಣೆಯೂ ಇಲ್ಲ ಅಂತಾದರೆ ಮೊದಲ ಹೆಜ್ಜೆ ಕಿವಿ ಪರೀಕ್ಷೆ. ಹುಟ್ಟಿದಾಗ ಮಾಡಿದ ಪರೀಕ್ಷೆ ಸರಿಯಿದ್ದರೂ ಮತ್ತೆ ಮಾಡಿಸಿ. ಪದೇಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಪರದೆಯ ಹಿಂದೆ ನೀರು ತುಂಬಿ ಸದ್ದು ಮಂಕಾಗುತ್ತದೆ. ಬಾಗಿಲು ಬಡಿದರೆ ತಿರುಗುತ್ತಾರೆ, ಮಾತಿನ ಸಣ್ಣ ಅಕ್ಷರಗಳು ಮಾತ್ರ ಹೋಗಿರುತ್ತವೆ. ಸದ್ದಿಗೆ ಕಿವಿಯ ನರ ಹೇಗೆ ಸ್ಪಂದಿಸುತ್ತದೆಂದು ಅಳೆಯುವ ಬೇರಾ ಪರೀಕ್ಷೆಯನ್ನು ಮಗು ನಿದ್ದೆಯಲ್ಲಿರುವಾಗ ಮಾಡುತ್ತಾರೆ, ನೋವಿಲ್ಲ. ಬಾಂದ್ರಾ ರೆಕ್ಲಮೇಶನ್‌ನಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಕೇಂದ್ರ ಸರ್ಕಾರದ್ದು, ಕಿವಿ ಪರೀಕ್ಷೆ ಮತ್ತು ಸ್ಪೀಚ್ ಥೆರಪಿ ಎರಡೂ ಅಲ್ಲಿವೆ. "ಗಂಡು ಮಕ್ಕಳು ತಡ" ಎಂಬ ಮಾತಿನಲ್ಲಿ ನಿಜವಿರುವುದು ಕೆಲವು ವಾರಗಳಷ್ಟು ಮಾತ್ರ, ಮೂರು ವರ್ಷದ ತನಕ ಕಾಯುವಷ್ಟಿಲ್ಲ. ನಾಲಿಗೆಯ ಕೆಳಗಿನ ನರ ಕತ್ತರಿಸಿದರೆ ಮಾತು ಬರುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಮಾತು ಶುರುವಾಗುವುದನ್ನು ತಡೆಯುವುದಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಸರಳ, ಆದರೆ ದಿನಾ ಮಾಡಬೇಕು. ಅವನು ಏನನ್ನು ನೋಡುತ್ತಿದ್ದಾನೋ ಅದರ ಬಗ್ಗೆಯೇ ಮಾತಾಡಿ. "ಗಾಡಿ" ಅಂದರೆ "ಗಾಡಿ ಬಂತು" ಎಂದು ಒಂದು ಶಬ್ದ ಸೇರಿಸಿ ತಿರುಗಿ ಕೊಡಿ. ಆಮೇಲೆ ಐದರಿಂದ ಹತ್ತು ಸೆಕೆಂಡ್ ಸುಮ್ಮನಿರಿ. ಹೆಚ್ಚಿನವರು ಎಡವುವುದು ಇಲ್ಲೇ, ಮಗು ಬಾಯಿ ತೆರೆಯುವ ಮೊದಲೇ ತಾವೇ ಉತ್ತರ ಹೇಳಿಬಿಡುತ್ತಾರೆ. "ಇದೇನು? ಹೇಳು, ಹೇಳು" ಎಂಬ ಪರೀಕ್ಷೆ ಬೇಡ. ಊಟದ ಹೊತ್ತಿನ ಮೊಬೈಲ್ ನಿಲ್ಲಿಸಿ. ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆಯಂತೆ ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಕಾರ್ಟೂನು ಮಗುವಿನ ಮಾತಿಗೆ ಮರುಮಾತು ಕೊಡುವುದಿಲ್ಲವಲ್ಲ!

ಪ್ರಶ್ನೆ: ನನಗೆ ಮೂರನೇ ತಿಂಗಳು. ಸೊಸೈಟಿಯ ಹೆಂಗಸರೆಲ್ಲ ಗರ್ಭಸಂಸ್ಕಾರದ ಕ್ಲಾಸಿಗೆ ಸೇರಿದ್ದಾರೆ. ಈಗಲೇ ಹೊಟ್ಟೆಗೆ ಹೆಡ್‌ಫೋನ್ ಇಟ್ಟು ಶ್ಲೋಕ ಕೇಳಿಸಿದರೆ ಮಗು ಚುರುಕಾಗುತ್ತದಂತೆ, ಹೌದೇ? ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆ, ಕೆಲವು ದಿನ ಬಿಡಬಹುದೇ?
— ಪಿಂಪ್ರಿ-ಚಿಂಚ್ವಡ್

ಉತ್ತರ: ಮೂರನೇ ತಿಂಗಳಲ್ಲಿ ಮಗುವಿಗೆ ಕೇಳಿಸುವುದೇ ಇಲ್ಲ. ಸದ್ದಿಗೆ ಸ್ಪಂದಿಸುವುದು ಸುಮಾರು 25ನೇ ವಾರದಿಂದ. ಆಗಲೂ ಅದಕ್ಕೆ ಚೆನ್ನಾಗಿ ತಲುಪುವುದು ನಿಮ್ಮದೇ ದನಿ, ಅದು ಗಾಳಿಯ ಜತೆ ನಿಮ್ಮ ಮೈಯೊಳಗಿಂದಲೂ ಹೋಗುತ್ತದೆ. ಹೆಡ್‌ಫೋನ್ ಹೊಟ್ಟೆಗೆ ಒತ್ತಬೇಡಿ. ಕ್ಲಾಸಿನಿಂದ ನಿಮಗೆ ನಾಲ್ಕು ಜನರ ಜತೆ ಸಿಗುತ್ತದೆ, ಮನಸ್ಸು ಹಗುರಾಗುತ್ತದೆ ಅಂದರೆ ಹೋಗಿ. ಬುದ್ಧಿ ಹೆಚ್ಚುತ್ತದೆಂದು ದುಡ್ಡು ಕಟ್ಟಬೇಡಿ.

ಮಾತ್ರೆ ಮಾತ್ರ ಬಿಡಬೇಡಿ. ಮಿದುಳು ಮತ್ತು ಬೆನ್ನುಹುರಿಯಾಗುವ ನಾಳ ಗರ್ಭ ಕಟ್ಟಿದ ಸುಮಾರು 28ನೇ ದಿನಕ್ಕೇ ಮುಚ್ಚಿಕೊಳ್ಳುತ್ತದೆ, ಎಷ್ಟೋ ಜನರಿಗೆ ಆಗಿನ್ನೂ ತಾವು ಗರ್ಭಿಣಿ ಎಂಬುದೇ ಖಚಿತವಾಗಿರುವುದಿಲ್ಲ. ಅದಕ್ಕೇ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ಡನ್ನು ಮಗು ಬೇಕೆಂದು ನಿರ್ಧರಿಸಿದಾಗಲೇ ಶುರುಮಾಡಿ 12 ವಾರದ ತನಕ ನುಂಗಬೇಕು. ನಾಲ್ಕನೇ ತಿಂಗಳಿಂದ ಸರ್ಕಾರಿ ಕೇಂದ್ರಗಳಲ್ಲೂ ಸಿಗುವ ಕಬ್ಬಿಣದ ಮಾತ್ರೆ, 60 ಮಿ.ಗ್ರಾಂ ಕಬ್ಬಿಣ, ದಿನಕ್ಕೊಂದು, 180 ದಿನ. ಕ್ಯಾಲ್ಸಿಯಂ 500 ಮಿ.ಗ್ರಾಂನದು ದಿನಕ್ಕೆರಡು, ಊಟದೊಂದಿಗೆ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ ಅಂತರವಿರಲಿ, ಇಲ್ಲವಾದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಚಹಾ ಕೂಡ ಹಾಗೇ ಅಡ್ಡಿ. ರಾತ್ರಿ ಮಲಗುವ ಮುಂಚೆ ಲಿಂಬೆ ಪಾನಕದ ಜತೆ ನುಂಗಿದರೆ ವಾಕರಿಕೆ ಕಡಿಮೆ. ಮಲ ಕಪ್ಪಾದರೆ ಗಾಬರಿ ಬೇಡ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಪ್ರಮಾಣವನ್ನು ಡಾಕ್ಟರರೇ ಹೇಳಬೇಕು.

ಪ್ರಶ್ನೆ: ಮಗಳಿಗೆ ಎಂಟು ತಿಂಗಳು. ತೂಕ ಹೋದ ತಿಂಗಳು 7 ಕಿಲೋ, ಈಗ 7.1. ದಿನಕ್ಕೆ ಮೂರು ಸಲ ರಾಗಿ ಗಂಜಿ ಬಾಟಲಿಯಲ್ಲಿ ಕುಡಿಸುತ್ತೇವೆ, ಪೂರ್ತಿ ಕುಡಿಯುತ್ತಾಳೆ. ಆದರೂ ಮೈ ಹಿಡಿಯುತ್ತಿಲ್ಲವೇಕೆ?
— ವಾಸ್ಕೋ, ಗೋವಾ

ಉತ್ತರ: 7.1 ಕಿಲೋ ಎಂಬ ಅಂಕಿಯಲ್ಲಿ ದೋಷವಿಲ್ಲ. ತೊಂದರೆ ಇರುವುದು ಒಂದು ತಿಂಗಳಲ್ಲಿ ನೂರೇ ಗ್ರಾಂ ಏರಿದ್ದರಲ್ಲಿ. ಮೊದಲ ಮೂರು ತಿಂಗಳು ದಿನಕ್ಕೆ 25–30 ಗ್ರಾಂ ಏರುವ ಮಗು ಈ ವಯಸ್ಸಿಗೆ ನಿಧಾನವಾಗುವುದು ಸಹಜ, ಆದರೂ ತಿಂಗಳಿಗೆ 300 ಗ್ರಾಂ ಆಸುಪಾಸು ಬರಬೇಕು. ತಾಯಿ-ಮಗು ಕಾರ್ಡಿನ ಗುಲಾಬಿ ಚಾರ್ಟಿನಲ್ಲಿ ಚುಕ್ಕೆ ಇಟ್ಟು ಗೆರೆ ಎಳೆಯಿರಿ, ಗೆರೆ ಚಪ್ಪಟೆಯಾಗುತ್ತಿದೆಯೇ ನೋಡಿ.

ಬಾಟಲಿಯ ನಿಪ್ಪಲ್ಲಿನಲ್ಲಿ ಇಳಿಯುವ ಗಂಜಿ ಅಂದರೆ ಬಹುಪಾಲು ನೀರು. ಈ ವಯಸ್ಸಿನ ಹೊಟ್ಟೆ ಕಿಲೋಗೆ ಸುಮಾರು 30 ಮಿ.ಲೀ. ಹಿಡಿಯುತ್ತದೆ, ಅಂದರೆ ನಿಮ್ಮ ಮಗಳಿಗೆ ಒಂದು ಲೋಟ. ಅದು ನೀರಿನಿಂದಲೇ ತುಂಬಿದರೆ ಎದೆಹಾಲಿಗೂ ಜಾಗವಿಲ್ಲ. ಬಾಟಲಿ ಬಿಟ್ಟು ಚಮಚಕ್ಕೆ ಬನ್ನಿ. ಚಮಚ ಓರೆ ಮಾಡಿದರೆ ಗಂಜಿ ಜಾರಿ ಬೀಳಬಾರದು, ಅಷ್ಟು ಗಟ್ಟಿ. ಒಂದು ಹೊತ್ತಿಗೆ ಅರ್ಧ ಬಟ್ಟಲು (ಬಟ್ಟಲು 250 ಮಿ.ಲೀ.), ದಿನಕ್ಕೆ ಎರಡು-ಮೂರು ಸಲ, ಜತೆಗೆ ಎದೆಹಾಲು ಕೇಳಿದಾಗೆಲ್ಲ.

ಹಿಟ್ಟು ಹೆಚ್ಚಿಸಿದರೆ ಗಂಟಲಿಗೆ ಅಂಟುತ್ತದೆ ಅನ್ನುವವರಿಗೆ ಊರಿನ ಹಳೆಯ ಉಪಾಯವೇ ಸರಿ: ರಾಗಿ 12 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ತುಸುವೇ ಹುರಿದು ಬೀಸಿ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಕೆಂಪಗೆ ಹುರಿದರೆ ಆ ಗುಣ ಸತ್ತುಹೋಗುತ್ತದೆ. ಗೋವಾದ ಗಾಳಿಯಲ್ಲಿ ಮಳೆಗಾಲದ ಮೊಳಕೆ ಬೇಗ ಬೂಸ್ಟು ಹಿಡಿಯುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಿ. ಪ್ರತಿ ಹೊತ್ತಿಗೆ ಒಂದು ಚಹಾಚಮಚ ತುಪ್ಪ ಸೇರಿದರೆ ಸುಮಾರು 45 ಕ್ಯಾಲೊರಿ ಹೆಚ್ಚಾಯಿತು. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಕಬ್ಬಿಣ ಸಾಲದು. ಮೂರು ಹೊತ್ತಿನಲ್ಲಿ ಒಂದು ಹೊತ್ತು ಬೇಳೆ-ಅನ್ನ, ತಿನ್ನುವವರಾದರೆ ಮೊಟ್ಟೆ ಅಥವಾ ಮುಳ್ಳು ತೆಗೆದ ಮೀನು ಕೊಡಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆರಡು ಸಲ 1 ಮಿ.ಲೀ. ವರ್ಷ ತುಂಬುವ ತನಕ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನು ನಾಲಿಗೆಗೆ ಸವರಲೂ ಬೇಡ, ಬಾಟ್ಯುಲಿಸಂ ಎಂಬ ವಿಷದ ಕಾಯಿಲೆಯ ಭಯವಿದೆ. ಹೀಗೆ ಮಾಡಿ ಒಂದು ತಿಂಗಳಲ್ಲಿ ತೂಕ ಏರದಿದ್ದರೆ, ಅಥವಾ ನಡುವೆ ಭೇದಿ, ಜ್ವರ ಬಂದರೆ ಪರೀಕ್ಷೆ ಬೇಕು.

ಪ್ರಶ್ನೆ: ಹತ್ತು ತಿಂಗಳಾದರೂ ಅಂಬೆಗಾಲಿಡುತ್ತಿಲ್ಲ. ವಾಕರ್ ತರಲೇ?
— ಮುಲುಂಡ್

ಉತ್ತರ: ಬೇಡ. ವಾಕರ್ ನಡಿಗೆ ಕಲಿಸುವುದಿಲ್ಲ, ಬಿಸಿ ಚಹಾದ ಕಪ್ಪಿನ ತನಕ ಮಗುವನ್ನು ಒಯ್ಯುತ್ತದೆ. ಕೆನಡಾ ಅದರ ಮಾರಾಟವನ್ನೇ 2004ರಲ್ಲಿ ನಿಷೇಧಿಸಿದೆ. ದೆಹಲಿಯ ಮಕ್ಕಳೂ ಸೇರಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಅಂಬೆಗಾಲೇ ಇಡದೆ ನಡೆದಿದ್ದವು. ಒಂಟಿಯಾಗಿ ನಡೆಯಲು 8ರಿಂದ 17 ತಿಂಗಳು ದಾಟುವ ತನಕ ಅವಕಾಶವಿದೆ. ನೆಲಕ್ಕೆ ಚಾಪೆ ಹಾಸಿ ಬಿಡಿ. ಆಧಾರವಿಲ್ಲದೆ ಕೂರಲು ಇನ್ನೂ ಬಾರದಿದ್ದರೆ, ಅಥವಾ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡಿದ್ದರೆ ಈ ವಾರವೇ ತೋರಿಸಿ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆಯೋ ಅಷ್ಟನ್ನು ವಯಸ್ಸಿನಿಂದ ಕಳೆದು ಲೆಕ್ಕಹಾಕಿ. 32 ವಾರಕ್ಕೆ ಹುಟ್ಟಿದ್ದರೆ ಎಂಟು ವಾರ ಕಳೆಯಬೇಕು. ಎರಡು ವರ್ಷದ ತನಕ ಇದೇ ಲೆಕ್ಕ.

ಪ್ರಶ್ನೆ: ಮಗಳಿಗೆ ಮೂರೂವರೆ. ನರ್ಸರಿಯಲ್ಲಿ ಎಬಿಸಿಡಿ ಬರೆಸುತ್ತಾರೆ, ಇವಳು ಪೆನ್ಸಿಲ್ ಬಿಸಾಡುತ್ತಾಳೆ. ಮನೆಯಲ್ಲಿ ಕೂರಿಸಿ ತಿದ್ದಿಸಲೇ?
— ಕೋಥ್ರೂಡ್, ಪುಣೆ

ಉತ್ತರ: ತಿದ್ದಿಸಬೇಡಿ. ಕೈ ಬೆಳೆಯುವುದಕ್ಕೆ ಒಂದು ಕ್ರಮವಿದೆ: ಮೂರಕ್ಕೆ ವೃತ್ತ, ನಾಲ್ಕಕ್ಕೆ ಕೂಡುವ ಚಿಹ್ನೆ, ನಾಲ್ಕೂವರೆ-ಐದಕ್ಕೆ ಚೌಕ, ಆಮೇಲೆ ತ್ರಿಕೋನ. ಓರೆ ಗೆರೆ ಎಳೆಯಲಾಗದವಳಿಗೆ ಎ ಅಕ್ಷರ ಹೇಗೆ ಬಂದೀತು? ತಪ್ಪು ಹಿಡಿತದಲ್ಲಿ ಬಲವಂತವಾಗಿ ಬರೆಸಿದರೆ ಆ ಹಿಡಿತವೇ ಗಟ್ಟಿಯಾಗಿ, ಎರಡನೇ ಇಯತ್ತೆಯಲ್ಲಿ ಕೈನೋವು ಎಂದು ಬರುತ್ತದೆ. ಚಪಾತಿ ಹಿಟ್ಟು ನಾದಲಿ, ಬಟಾಣಿ ಸುಲಿಯಲಿ, ಬಟ್ಟೆಯ ಕ್ಲಿಪ್ ಹಾಕಲಿ, ಚಿಟಿಕೆ ಹಿಡಿದು ರಂಗೋಲಿ ಪುಡಿ ಬಿಡಲಿ. ಬಣ್ಣದ ಕಡ್ಡಿಯನ್ನು ಎರಡು ಇಂಚಿಗೆ ಮುರಿದು ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇಲ್ಲದೆ ಮೂರು ಬೆರಳು ತಾವಾಗಿ ಕೂಡುತ್ತವೆ. ಹಾಳೆಯನ್ನು ಗೋಡೆಗೆ ಅಂಟಿಸಿ ಗೀಚಿಸಿ, ಮಣಿಕಟ್ಟಿಗೆ ಬಲ ಬರುತ್ತದೆ. ಶಾಲೆಯವರಿಗೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ನೆನಪಿಸಬಹುದು. ಮೂರರಿಂದ ಎಂಟು ವರ್ಷದ ಹಂತವನ್ನು ಅದು ಆಟದ ಮೂಲಕ ಕಲಿಯುವ ಹಂತವೆಂದೇ ಗುರುತಿಸಿದೆ. ಮುಂದೆ ಬರೆಯಲು ಶುರುಮಾಡಿದಾಗ ಏಳು ವರ್ಷದ ತನಕ ಅಕ್ಷರ ತಿರುಗುಮುರುಗಾದರೆ ಅದಕ್ಕೂ ಬೈಯಬೇಡಿ.