"ಅಮ್ಮಾ, ಒಂದ್ನಿಮಿಷ" ಅಂದ್ರೆ ಎಷ್ಟ್ ನಿಮಿಷ?: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗ ಪಿಯುಸಿ ಓದ್ತಿದಾನೆ. ರಾತ್ರಿ ಊಟಕ್ಕೆ ಕರದ್ರೆ "ಅಮ್ಮಾ, ಒಂದ್ನಿಮಿಷ" ಅಂತಾನೆ, ಅರ್ಧ ಗಂಟೆ ಆದ್ರೂ ಬರಲ್ಲ, ಫೋನ್ ಕಿತ್ಕೊಂಡ್ರೆ ಬೀದಿಗೆಲ್ಲ ಕೇಳೋ ಹಂಗೆ ಕೂಗಾಡ್ತಾನೆ. ಚಿಕ್ಕೋನಿದ್ದಾಗ ಕಂಪ್ಯೂಟರಲ್ಲಿ ಮೈನ್‌ಕ್ರಾಫ್ಟ್ ಆಡೋವಾಗ ಕರದ ತಕ್ಷಣ ಎದ್ ಬರ್ತಿದ್ದ. ಈಗ ಫೋನಲ್ಲಿ ಬಿಜಿಎಂಐ ಅನ್ನೋ ಗನ್ ಆಟ ಅಂತೆ. ವಯಸ್ಸಿನ ಪ್ರಭಾವನಾ?
- ಒಬ್ಬ ತಾಯಿ, ದಾವಣಗೆರೆ

ಉತ್ತರ: ವಯಸ್ಸಿಂದೂ ಸ್ವಲ್ಪ ಇರ್ಬೋದಮ್ಮ, ಆದ್ರೆ ನೀವು ಹೇಳಿದ್ದರಲ್ಲೇ ಉತ್ತರ ಇದೆ, ಹುಡುಗ ಅವನೇ, ಆಟ ಬೇರೆ ಆಯ್ತು. ಮೈನ್‌ಕ್ರಾಫ್ಟ್ ಒಬ್ಬನೇ ಆಡ್ತಿದ್ರೆ ಎಸ್ಕೇಪ್ ಒತ್ತಿದ ಕೂಡ್ಲೇ ನಿಲ್ಲುತ್ತೆ, ಊಟ ಮಾಡ್ಕೊಂಡ್ ಬಂದ್ರೆ ಕಟ್ಟಿದ ಮನೆ ಹಂಗೇ ಇರುತ್ತೆ. ಬಿಜಿಎಂಐ ಬ್ಯಾಟಲ್ ರಾಯಲ್ ಜಾತಿಯ ಆಟ. 100 ಜನ ವಿಮಾನದಿಂದ ಹಾರ್ತಾರೆ, ಮೊದಲು ಮನೆಮನೆ ನುಗ್ಗಿ ಗನ್ನು, ಹೆಲ್ಮೆಟ್ಟು ಅಂತ ಲೂಟ್ ಮಾಡ್ತಾರೆ, ಆಮೇಲೆ ಝೋನ್, ಅಂದ್ರೆ ಬದುಕಿರೋಕೆ ಬಿಟ್ಟಿರೋ ಜಾಗ, ಚಿಕ್ಕದಾಗ್ತಾ ಆಗ್ತಾ ಉಳಿದೋರೆಲ್ಲ ಒಂದೇ ಕಡೆ ಬಂದು ಸೇರ್ತಾರೆ, ಕೊನೇ ತನಕ ಬದುಕಿದ್ರೆ ದೊಡ್ಡ ಮ್ಯಾಪಲ್ಲಿ ಹೆಚ್ಚುಕಮ್ಮಿ ಅರ್ಧ ಗಂಟೆ. ಪಾಸ್ ಬಟನ್ ಅನ್ನೋದೇ ಇಲ್ಲ. ನೀವು ಕರೆಯೋ ಹೊತ್ತಿಗೆ ಅವನು ಕೊನೇ ಝೋನಲ್ಲಿ ಹುಲ್ಲಲ್ಲಿ ಮಲ್ಕೊಂಡಿರ್ತಾನೆ, ಕಿವಿಯಲ್ಲಿ ಇಯರ್‌ಫೋನ್, ಇನ್ನೊಬ್ಬನ ಹೆಜ್ಜೆ ಸದ್ದು ಎಲ್ಲಿಂದ ಬಂತು ಅಂತ ಕೇಳಿಸ್ಕೊಳ್ತಿರ್ತಾನೆ. ಅದರ ಮೇಲೆ ಸ್ಕ್ವಾಡ್ ಅಂದ್ರೆ ನಾಲ್ಕು ಜನ, ಇವನು ಎದ್ದು ಹೋದ್ರೆ ಮಿಕ್ಕ ಮೂರು ಜನ ನಾಳೆ ಕಾಲೇಜಲ್ಲಿ ಬೈತಾರೆ.

ಅದಕ್ಕೆ ಮ್ಯಾಚ್ ನಡುವೆ ಫೋನ್ ಕಿತ್ಕೋಬೇಡಿ. ಸ್ಟಾರ್ಟ್ ಒತ್ತೋಕೆ ಮುಂಚೆ ಮಾತಾಡಿ, "ಒಂಬತ್ತಕ್ಕೆ ಊಟ, ಎಂಟೂವರೆ ಮೇಲೆ ಹೊಸ ಮ್ಯಾಚ್ ಇಲ್ಲ" ಅಂತ. ಹುಡುಗರು ಇದನ್ನ ಒಪ್ತಾರೆ, ಯಾಕಂದ್ರೆ ಇದು ಆಟದ ಲೆಕ್ಕಕ್ಕೇ ಕೂರುತ್ತೆ. ಇನ್ನೊಂದು, 18ರ ಒಳಗಿನೋರಿಗೆ ಈ ಆಟ ದಿನಕ್ಕೆ 3 ಗಂಟೆ ಮಿತಿ ಇಟ್ಟಿದೆ, ಆದ್ರೆ ಅಕೌಂಟಲ್ಲಿ ವಯಸ್ಸು ಏನು ಹಾಕಿದಾನೆ ನೋಡಿ. ಅಪ್ಪನ ವಯಸ್ಸೇ ಇರೋ ಚಾನ್ಸ್ ಜಾಸ್ತಿ!

ಕಾಯಿಲೆ ಅಂತ ಈಗ್ಲೇ ಹೆದರ್ಬೇಡಿ. ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಗೆ ಗೇಮಿಂಗ್ ಡಿಸಾರ್ಡರ್ ಸೇರಿಸಿರೋದು ನಿಜ, ಆ ಪಟ್ಟಿ 2022ರಿಂದ ಜಾರಿಲಿದೆ. ಆದ್ರೆ ಅವರು ಹೇಳೋದು ಹಿಡಿತ ತಪ್ಪಿ, ಓದು-ನಿದ್ದೆ-ಸ್ನೇಹಿತರು ಎಲ್ಲ ಹಿಂದೆ ಬಿದ್ದು, ಹಾಳಾಗ್ತಿದೆ ಅಂತ ಗೊತ್ತಿದ್ರೂ ಸಾಮಾನ್ಯವಾಗಿ ಒಂದು ವರ್ಷ ಹಂಗೇ ಮುಂದುವರೆದ್ರೆ. ಅಂಥ ಲಕ್ಷಣ ಕಂಡ್ರೆ ಬೆಂಗಳೂರಿನ ನಿಮ್ಹಾನ್ಸಲ್ಲಿ 'ಶಟ್' ಅಂತ ಇದಕ್ಕೇ ಒಂದು ಕ್ಲಿನಿಕ್ ಇದೆ, 2014ರಿಂದ ನಡೀತಿದೆ.

ಪ್ರಶ್ನೆ: ನಂಗೆ 52. ಮಕ್ಕಳಿಗೆ ಬೈತಿದ್ದೋಳು ಈಗ ನಾನೇ ಕ್ಯಾಂಡಿ ಕ್ರಶ್ ಬಿಡೋಕಾಗ್ತಿಲ್ಲ, ಒಲೆ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗಲ್ಲ. ಇದರಲ್ಲಿ ಶೂಟಿಂಗ್ ಗೀಟಿಂಗ್ ಏನೂ ಇಲ್ವಲ್ಲ?
- ಗೃಹಿಣಿ, ಶಿರಸಿ

ಉತ್ತರ: ಶೂಟಿಂಗ್ ಇಲ್ಲ, ಕಾಯ್ಸೋದಿದೆ. 5 ಲೈಫ್ ಕೊಡ್ತಾರೆ, ಮುಗಿದ್ರೆ ಅರ್ಧ ಗಂಟೆಗೆ ಒಂದರಂತೆ ವಾಪಸ್ ಬರುತ್ತೆ, ಹಂಗಾಗಿ ಸಾರಿಗೆ ಒಗ್ಗರಣೆ ಹಾಕಿ ಫೋನ್ ನೋಡ್ತೀರಿ, ಬಟ್ಟೆ ಒಣಗಿಸಿ ಫೋನ್ ನೋಡ್ತೀರಿ. ಸೋತಾಗ್ಲೂ ಗಮನಿಸಿ, ಒಡೆಯೋಕೆ ಇನ್ನೇನ್ ಒಂದೇ ಜೆಲ್ಲಿ ಉಳಿದಿರುತ್ತೆ, ಆಗ್ಲೇ "ಇನ್ನೈದು ಮೂವ್ ಬೇಕಾ" ಅಂತ ಕೇಳುತ್ತೆ. 2009ರ ಬೇಸಾಯದ ಆಟ ಫಾರ್ಮ್‌ವಿಲ್ ಇದಕ್ಕಿಂತ ಘಾಟಿ, ಹೊತ್ತಿಗೆ ಸರಿಯಾಗಿ ಬಂದು ಕೊಯ್ಲಿಲ್ಲ ಅಂದ್ರೆ ಬೆಳೆನೇ ಒಣಗಿಹೋಗ್ತಿತ್ತು, ಅದಕ್ಕೆ ಅಲಾರಂ ಇಟ್ಕೊಂಡು ಏಳೋ ಜನ ಇದ್ರು. ನೋಟಿಫಿಕೇಶನ್ ಆಫ್ ಮಾಡಿ, ಲೈಫ್ ತುಂಬಿದ್ದು ನಿಮಗೆ ಗೊತ್ತಾಗೋದೇ ಬೇಡ.

ಪ್ರಶ್ನೆ: ಗನ್ ಗೇಮ್ ಆಡಿದ್ರೆ ಹಿಂಸೆ ಬರುತ್ತೆ ಅಂತ ನಮ್ ಮಾವ ದಿನಾ ಕೊರೀತಾರೆ. ಹೌದಾ ಸರ್?
- ಡಿಗ್ರಿ ವಿದ್ಯಾರ್ಥಿ, ಮೈಸೂರು

ಉತ್ತರ: ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದು ಇಷ್ಟು: ಕೂಗಾಡೋದು, ತಳ್ಳಾಡೋದು, ಇಂಥದ್ದಕ್ಕೆ ಸಣ್ಣ ಸಂಬಂಧ ಕಾಣುತ್ತೆ, ನಿಜವಾದ ಹಿಂಸಾಕೃತ್ಯಕ್ಕೆ ಆಟನೇ ಕಾರಣ ಅನ್ನೋಕೆ ಸಾಕಷ್ಟು ಪುರಾವೆ ಇಲ್ಲ. ಹಂಗಂತ ಮಾವನ ಮುಂದೆ ಜಾಸ್ತಿ ಮೀಸೆ ತಿರುವಬೇಡ, ಕೂಗಾಟ ಅಂತೂ ಪಟ್ಟಿಲಿದೆ. ಒಳ್ಳೇದೂ ಒಂದಿದೆ: ಗ್ರೀನ್ ಮತ್ತು ಬವೆಲಿಯರ್ ಅನ್ನೋರು 2003ರಲ್ಲಿ ತೋರಿಸಿದ ಪ್ರಕಾರ ಆಕ್ಷನ್ ಗೇಮ್ ಆಡೋರು ಕಣ್ಣೆದುರು ಒಟ್ಟಿಗೆ ನಡಿಯೋ ಹಲವು ವಿಷಯಗಳನ್ನ ಚೆನ್ನಾಗಿ ಗಮನಿಸ್ತಾರೆ.

ನನ್ನ ಕೇಳಿದ್ರೆ ಗನ್ನಿಗಿಂತ ಆಟದೊಳಗೆ ಮಾರೋ ಕ್ರೇಟ್ ಅಪಾಯ. ದುಡ್ಡು ಕೊಟ್ಟು ಪೆಟ್ಟಿಗೆ ಓಪನ್ ಮಾಡ್ತೀಯ, ಗನ್ ಸ್ಕಿನ್ (ಗನ್ನಿಗೆ ಹೊಸ ಬಣ್ಣದ ಡಿಸೈನು) ಬರುತ್ತೋ ಹಳೇ ಟೀಶರ್ಟ್ ಬರುತ್ತೋ ಗೊತ್ತಿಲ್ಲ, ಥೇಟ್ ಜಾತ್ರೇಲಿ ರಿಂಗ್ ಎಸೆಯೋ ಅಂಗಡಿ, ವ್ಯತ್ಯಾಸ ಅಂದ್ರೆ ಇದು ರಾತ್ರಿ ಎರಡಕ್ಕೂ ತೆಗೆದಿರುತ್ತೆ. ಬೆಲ್ಜಿಯಂನೋರು 2018ರಲ್ಲೇ ದುಡ್ಡಿಗೆ ಮಾರೋ ಇಂಥ ಪೆಟ್ಟಿಗೆ ಜೂಜು ಅಂದ್ಬಿಟ್ರು. ಮಾವ ಇನ್ನೊಂದ್ಸಲ ಶುರು ಮಾಡಿದ್ರೆ ಗನ್ ವಿಷಯ ಬಿಟ್ಟು, ಈ ತಿಂಗಳು ಯುಸಿಗೆ (ದುಡ್ಡು ಕೊಟ್ಟು ತಗೊಳ್ಳೋ ಬಿಜಿಎಂಐ ನಾಣ್ಯ) ಎಷ್ಟು ಹಾಕಿದೀಯ ಅಂತ ಕೇಳೋಕೆ ಹೇಳು.